ಅರ್ಜಿಯಲ್ಲಿ ಇಲ್ಲದ ಷರತ್ತು

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮನೆಗೆ ಹೋದೆ. ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ವಿಶ್ವವಿದ್ಯಾಲಯದ ಅರ್ಜಿ ತುಂಬ್ತಾ ಇದ್ದಳು. ಫೋಟೋ ಸೈಜ್ ಜಾಸ್ತಿ ಆಯ್ತಂತೆ, ಅಪ್‌ಲೋಡ್ ಆಗ್ತಿಲ್ಲ ಅಂತ ಗೊಣಗಾಟ ಬೇರೆ. ಆದರೆ ಲಿಂಗ ಅನ್ನೋ ಕಾಲಂ ಬಂದಾಗ 'ಹೆಣ್ಣು' ಅಂತ ಒತ್ತಿ ಸೀದಾ ಮುಂದಕ್ಕೆ ಹೋದಳು. ಅರೆಕ್ಷಣವೂ ಯೋಚಿಸಲಿಲ್ಲ. ನನಗೆ ಆ ಅರೆಕ್ಷಣವೇ ದೊಡ್ಡ ಸುದ್ದಿ ಅನ್ನಿಸಿತು.

ಯಾಕೆ ಅಂತೀರಾ? 1933ಕ್ಕೆ ಹೋಗೋಣ ಬನ್ನಿ.

ಕಮಲಾ ಭಾಗವತ್ ಅನ್ನೋ ಹೆಣ್ಣುಮಗಳು ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ್ದರು. ಅಂಕದ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಅಪ್ಪ, ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರಜ್ಞರು, ಇಬ್ಬರೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಇವತ್ತಿಗೂ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಅದೇ. ಕಮಲಾ ಕೂಡ ಅಲ್ಲಿಗೇ ಅರ್ಜಿ ಹಾಕಿದರು.

ಅರ್ಜಿ ತಿರಸ್ಕಾರವಾಯಿತು. ಅಂಕ ಸಾಲಲಿಲ್ವಾ? ಸಾಕಷ್ಟಿತ್ತು. ಕೊಟ್ಟ ಕಾರಣ ಒಂದೇ: ಹೆಣ್ಣು.

ತಿರಸ್ಕರಿಸಿದ್ದು ಯಾರು ಗೊತ್ತಾ? ಸಂಸ್ಥೆಯ ನಿರ್ದೇಶಕರು, ಸರ್ ಸಿ.ವಿ. ರಾಮನ್. ಮೂರೇ ವರ್ಷದ ಹಿಂದೆ ನೊಬೆಲ್ ತಂದ ಮಹಾನುಭಾವರು. ಬೆಳಕಿನ ಗುಟ್ಟು ಬಿಡಿಸಿದವರಿಗೆ ಇಷ್ಟು ಕಾಣಲಿಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಕಮಲಾ ಸುಮ್ಮನೆ ವಾಪಸ್ ಹೋಗಲಿಲ್ಲ. ಬೆಂಗಳೂರಿಗೇ ಬಂದು, ರಾಮನ್ ಎದುರು ನಿಂತು ಕಾರಣ ಕೇಳಿದರು. ಕೊನೆಗೆ ಸೀಟು ಸಿಕ್ಕಿತು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಬರೀ ಪರೀಕ್ಷಾರ್ಥ. ಕೆಲಸ ಮೆಚ್ಚುಗೆಯಾದರೆ ಮಾತ್ರ ಮಾನ್ಯತೆ. ಜತೆಗೆ, ಗಂಡುಹುಡುಗರ ಗಮನ ಕೆಡಿಸಬಾರದು! ಯಾವ ಗಂಡುಹುಡುಗನ ಅರ್ಜಿಗಾದರೂ ಇಂಥ ಷರತ್ತು ಇತ್ತಾ ಸ್ವಾಮಿ?

ಅವರು ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಸಂಶೋಧನೆ ಮಾಡಿದರು. 1936ರಲ್ಲಿ ಎಂ.ಎಸ್ಸಿ. ಬಂತು. ಆಮೇಲೆ ಕೇಂಬ್ರಿಡ್ಜ್. 1939ರಲ್ಲಿ ಅಲ್ಲಿಂದ ಪಿಎಚ್.ಡಿ. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದ ಅವರು, ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿದ್ದಾರೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಕಮಲಾ ಅವರ ಕೆಲಸ ನೋಡಿದ ಮೇಲೆ ರಾಮನ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. 1940ರಲ್ಲಿ ಅನ್ನಾ ಮಣಿ ಸೇರಿದ್ದು ರಾಮನ್ ಅವರದೇ ಪ್ರಯೋಗಾಲಯಕ್ಕೆ. ದೊಡ್ಡವರು ತಪ್ಪು ಮಾಡ್ತಾರೆ, ತಿದ್ದಿಕೊಳ್ಳಲೂಬಹುದು. ಆದರೆ ತಿದ್ದುವ ಭಾರ ಹೊತ್ತಿದ್ದು ಯಾರು? ಅರ್ಜಿ ಹಿಡಿದು ಬಂದ ಹುಡುಗಿ. ಆ ಅವಮಾನವನ್ನ ಕಮಲಾ ವಯಸ್ಸಾದ ಮೇಲೂ ಮರೆಯಲಿಲ್ಲ.

ಮಗಳಿಗೆ ಈ ಕಥೆ ಹೇಳಿದೆ. 'ಅಪ್ಪಾ, ಮೊದಲನೇ ಅರ್ಜಿ ತಿರಸ್ಕಾರ ಆದಾಗಲೇ ಅವರು ಸುಮ್ಮನಾಗಿಬಿಟ್ಟಿದ್ರೆ?' ಅಂದಳು.

ಹಾಗೆ ಸುಮ್ಮನಾದವರು ಎಷ್ಟು ಜನರೋ! ಅವರ ಹೆಸರು ಯಾವ ಬುಲೆಟಿನ್ನಿನಲ್ಲೂ ಬರಲಿಲ್ಲ.