ಒಂದು ಉದ್ದ ಪದದೊಳಗಿನ ಚರಿತ್ರೆ

'ಆಂಟಿಡಿಸೆಸ್ಟ್ಯಾಬ್ಲಿಷ್‌ಮೆಂಟೇರಿಯನಿಸಂ'- 28 ಅಕ್ಷರಗಳ ಈ ಇಂಗ್ಲಿಷ್ ಪದವನ್ನು ಒಂದೇ ಉಸಿರಿನಲ್ಲಿ ಹೇಳುವುದು ಮಕ್ಕಳಿಗೊಂದು ಆಟ. ಆದರೆ ಬಿಡಿಸಿ ನೋಡಿದರೆ ಅದರೊಳಗೆ ಒಂದು ಜನತೆಯ ನೋವಿದೆ.

'ಎಸ್ಟ್ಯಾಬ್ಲಿಷ್' ಎಂದರೆ ಸ್ಥಾಪಿಸು. 'ಮೆಂಟ್' ಸೇರಿದಾಗ ಸ್ಥಾಪನೆ. ಬ್ರಿಟನ್ನಿನ ಧಾರ್ಮಿಕ ಚರ್ಚೆಯಲ್ಲಿ, ಒಂದು ಚರ್ಚಿಗೆ ಪ್ರಭುತ್ವ ನೀಡಿದ ಅಧಿಕೃತ ಸ್ಥಾನ. 'ಡಿಸ್' ಆ ಸ್ಥಾನವನ್ನು ಕಿತ್ತುಹಾಕುತ್ತದೆ. 'ಆಂಟಿ' ಕೀಳುವುದನ್ನು ವಿರೋಧಿಸುತ್ತದೆ. 'ಏರಿಯನ್' ಆ ನಿಲುವಿನವನು, 'ಇಸಂ' ಅವನ ವಾದ.

ನಾಲಿಗೆ ಮಾತ್ರ ಈ ಗೆರೆಗಳನ್ನು ಪಾಲಿಸುವುದಿಲ್ಲ. ಅರ್ಥ 'ಮೆಂಟ್-ಏರಿಯನ್' ಎಂದು ಒಡೆದರೆ ಉಚ್ಚಾರ 'ಮೆನ್-ಟೇರಿಯನ್' ಎಂದು ಒಡೆಯುತ್ತದೆ. 'ಎಸ್ಟ್ಯಾಬ್ಲಿಷ್'ನಲ್ಲಿ 'ಟ್ಯಾಬ್' ಮೇಲಿದ್ದ ಮುಖ್ಯ ಒತ್ತು ಉದ್ದ ಪದದಲ್ಲಿ 'ಟೇ' ಮೇಲೆ ಬೀಳುತ್ತದೆ.

ಇಡೀ ಪದ ಉದ್ದಕ್ಕಷ್ಟೇ ಪ್ರಸಿದ್ಧ. ಆದರೆ 'ಡಿಸ್' ಎಂಬ ಪುಟ್ಟ ತುಂಡಿಗಾಗಿ ಐರ್ಲೆಂಡ್ ದೀರ್ಘಕಾಲ ಹೋರಾಡಿತು. ಅಲ್ಲಿ ಅಧಿಕೃತ ಸ್ಥಾನ ಆಂಗ್ಲಿಕನ್ ಚರ್ಚಿನದು. 1861ರ ಜನಗಣತಿಯಲ್ಲಿ ಅದರ ಅನುಯಾಯಿಗಳು ಸುಮಾರು ಶೇ. 12, ಕೆಥೊಲಿಕರು ಶೇ. 78. ಆದರೂ ಕೆಥೊಲಿಕ್ ರೈತರು ತಮ್ಮದಲ್ಲದ ಚರ್ಚಿಗೆ ದಶಮಾಂಶ ತೆರಬೇಕಿತ್ತು. 1830ರ ದಶಕದಲ್ಲಿ ಅವರು ನಿರಾಕರಿಸಿದಾಗ ಜಾನುವಾರುಗಳ ಜಪ್ತಿ ನಡೆಯಿತು, ರಕ್ತ ಹರಿಯಿತು. 1838ರಲ್ಲಿ ಆ ಹೊಣೆ ಭೂಮಾಲಕರಿಗೆ ಹೋದರೂ ಭಾರ ಗೇಣಿಯೊಳಗೆ ಅಡಗಿ ಉಳಿಯಿತು.

ಕೊನೆಗೆ ಪ್ರಧಾನಿ ಗ್ಲಾಡ್‌ಸ್ಟನ್ 1869ರಲ್ಲಿ ಕಾನೂನು ತಂದರು. 1871ರ ಜನವರಿ 1ರಂದು ಐರ್ಲೆಂಡಿನ ಚರ್ಚ್ ಪ್ರಭುತ್ವದಿಂದ ಬೇರೆಯಾಯಿತು. ವೇಲ್ಸ್‌ನಲ್ಲಿ ಅದು ಜಾರಿಯಾದದ್ದು 1920ರಲ್ಲಿ. ಇಂಗ್ಲೆಂಡಿನಲ್ಲಿ ಇಂದಿಗೂ ಆಗಿಲ್ಲ.

ಆಗ ವಿರೋಧಿಸಿದವರಿಗೆ ಧರ್ಮವೇ ಅಪಾಯದಲ್ಲಿದೆ ಎಂಬ ಭಯವಿತ್ತು. ಆದರೆ ಐರ್ಲೆಂಡಿನ ಆ ಚರ್ಚ್ ಇಂದಿಗೂ ಉಳಿದಿದೆ. ಕಳೆದುಹೋದದ್ದು ವಿಶ್ವಾಸವಲ್ಲ, ಇತರರ ಮೇಲಿನ ಯಜಮಾನಿಕೆ ಮಾತ್ರ.