ಕುದುರೆಗಳ ಕರುಳಿನ ಉರಿಯೂತಕ್ಕೆ ಪ್ಲಾಸ್ಮಾ ಚಿಕಿತ್ಸೆ

ಕುದುರೆಯ ಕರುಳಿಗೆ ತೀವ್ರ ಉರಿಯೂತ ತಗುಲಿದಾಗ ಅದರ ಒಳಪದರ ಶಿಥಿಲವಾಗಿ, ನೀರು ಮತ್ತು ಲವಣಗಳ ಜೊತೆಗೆ ರಕ್ತದ ಪ್ರೋಟೀನು ಕೂಡ ಸೋರಿಹೋಗುತ್ತದೆ. ಹೀಗೆ ಕಳೆದುಹೋದುದನ್ನು ಇನ್ನೊಂದು ಆರೋಗ್ಯವಂತ ಕುದುರೆಯ ಪ್ಲಾಸ್ಮಾದಿಂದ ತುಂಬಿಕೊಡುವುದೇ ಈ ಚಿಕಿತ್ಸೆ. ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹೊಂಬಣ್ಣದ ದ್ರವವೇ ಪ್ಲಾಸ್ಮಾ. ಅದರಲ್ಲಿರುವ ಆಲ್ಬುಮಿನ್ ನೀರನ್ನು ರಕ್ತನಾಳಗಳೊಳಗೆ ಹಿಡಿದಿಡುತ್ತದೆ. ಆಲ್ಬುಮಿನ್ ಕುಸಿದರೆ ಹೊಟ್ಟೆಯ ಅಡಿಯಲ್ಲೂ ಕಾಲುಗಳಲ್ಲೂ ನೀರು ತುಂಬಿ ಬಾವು ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಕುದುರೆಯ ಹಿಂಗರುಳು ನೂರು ಲೀಟರಿನಷ್ಟು ಹಿಡಿಯಬಲ್ಲದು. ಇಷ್ಟು ದೊಡ್ಡ ಅಂಗ ಸೋರತೊಡಗಿದರೆ ಪ್ರಾಣಿ ಒಂದೆರಡು ದಿನಗಳಲ್ಲೇ ಸಾಯಬಹುದು.

ವೈದ್ಯದ ಚರಿತ್ರೆಯಲ್ಲಿ ಕುದುರೆ ಪ್ಲಾಸ್ಮಾ ಪಡೆಯುವುದಕ್ಕಿಂತ ಬಹಳ ಮೊದಲೇ ಅದನ್ನು ಕೊಟ್ಟಿತು. 1890ರಲ್ಲಿ ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಾಸಾಟೊ ಪ್ರತಿವಿಷ ಸೀರಮ್ಮಿನ (ಹೆಪ್ಪುಗಟ್ಟಿಸುವ ಅಂಶಗಳಿಲ್ಲದ ಪ್ಲಾಸ್ಮಾದ) ಗುಣವನ್ನು ತೋರಿಸಿಕೊಟ್ಟರು. 1894ರಲ್ಲಿ ಪ್ಯಾರಿಸ್‌ನ ಎಮಿಲ್ ರೂ ಕುದುರೆಗಳಿಂದ ತೆಗೆದ ಸೀರಮ್ಮನ್ನು ಗಂಟಲಮಾರಿ ತಗುಲಿದ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ಭಾರತದಲ್ಲಿ ಹಾವು ಕಡಿತಕ್ಕೆ ಇಂದಿಗೂ ಕೊಡುವ ಮದ್ದು ಕುದುರೆಯ ಪ್ಲಾಸ್ಮಾದಿಂದಲೇ ತಯಾರಾಗುತ್ತದೆ. ಕುದುರೆಯ ಕೆಂಪು ರಕ್ತಕಣಗಳು ನಾಣ್ಯಗಳನ್ನು ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬೇಗನೆ ತಳಕ್ಕಿಳಿಯುತ್ತವೆ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಕೆಲವು ಗಂಟೆ ಅಲುಗಿಸದೆ ಇಟ್ಟರೆ ಸಾಕು, ಯಂತ್ರವಿಲ್ಲದೆಯೂ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಮುಂದೆ ಕುದುರೆಗಳಿಗೇ ಪ್ಲಾಸ್ಮಾ ಕೊಡುವ ಕಾಲ ಬಂದಾಗ ಈ ಗುಣ ತುಂಬ ನೆರವಾಯಿತು.

ಕರುಳಿನ ರೋಗಗಳು ಒಂದೊಂದಾಗಿ ಗುರುತಿಗೆ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಕಾರಣ ತಿಳಿಯದ ಮಾರಕ ಭೇದಿಯೊಂದಕ್ಕೆ ಅಮೆರಿಕದ ಸಂಶೋಧಕರು 1963ರಲ್ಲಿ ‘ಕೊಲೈಟಿಸ್ ಎಕ್ಸ್’ ಎಂದು ಹೆಸರಿಟ್ಟರು. 1979ರಲ್ಲಿ ಮೇರಿಲ್ಯಾಂಡ್‌ನ ಪೊಟೊಮ್ಯಾಕ್ ನದಿಯ ಬದಿಯಲ್ಲಿ ಕಂಡ ಜ್ವರ-ಭೇದಿಗೆ ಆ ನದಿಯ ಹೆಸರೇ ಉಳಿಯಿತು. ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ಮತ್ತು ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಔಷಧದ ಅತಿಬಳಕೆ ಇತರ ಕಾರಣಗಳು. ಇವುಗಳಿಗೆಲ್ಲ ಮೊದಲ ಆಸರೆ ಲವಣದ್ರಾವಣ. ಜೀವ ಉಳಿಸುವ ಆ ದ್ರಾವಣವೇ ಅಳಿದುಳಿದ ಪ್ರೋಟೀನನ್ನು ಮತ್ತಷ್ಟು ತೆಳುವಾಗಿಸುತ್ತಿತ್ತು. ಪ್ಲಾಸ್ಮಾದ ಅಗತ್ಯ ಎದ್ದುಕಂಡದ್ದು ಈ ಇಕ್ಕಟ್ಟಿನಿಂದ.

ದಾರಿ ತೋರಿಸಿದವು ಕುದುರೆಮರಿಗಳು. ಮರಿ ಹುಟ್ಟಿದಾಗ ಅದರ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಗಿಣ್ಣುಹಾಲಿನಿಂದಲೇ ಬರಬೇಕು. ಗಿಣ್ಣು ಸಾಕಷ್ಟು ಸಿಗದ ಮರಿಗಳೇ ಹೆಚ್ಚಾಗಿ ಸೋಂಕಿಗೆ ಬಲಿಯಾಗುತ್ತವೆಂದು 1970ರ ದಶಕದ ಅಧ್ಯಯನಗಳು ತೋರಿಸಿದ ಮೇಲೆ ಅವಕ್ಕೆ ಪ್ಲಾಸ್ಮಾ ಕೊಡುವುದು ರೂಢಿಯಾಯಿತು. ಘನೀಕರಿಸಿದ ಪ್ಲಾಸ್ಮಾ ಮಾರುಕಟ್ಟೆಗೂ ಬಂದಿತು. ದಾನಿಯ ಆಯ್ಕೆ ಸುಲಭವಲ್ಲ. ಕುದುರೆಗಳ ರಕ್ತಗುಂಪುಗಳಲ್ಲಿ ಏಳು ಮುಖ್ಯ ವ್ಯವಸ್ಥೆಗಳಿವೆ. ತೊಂದರೆ ಹೆಚ್ಚಾಗಿ ಬರುವುದು ಎಎ ಮತ್ತು ಕ್ಯೂಎ ಎಂಬ ಅಂಶಗಳಿಂದ. ಆದ್ದರಿಂದ ಇವೆರಡೂ ಇಲ್ಲದ, ಇವುಗಳ ವಿರುದ್ಧ ಪ್ರತಿಕಾಯವೂ ಇಲ್ಲದ ದಾನಿ ಬೇಕು. ಇಂಥ ಪ್ರತಿಕಾಯಗಳು ಬೆಳೆದಿರಬಹುದಾದ್ದರಿಂದ ಮರಿ ಹಾಕಿದ ಹೆಣ್ಣುಕುದುರೆಯನ್ನು ಸಾಮಾನ್ಯವಾಗಿ ದೂರವಿಡುತ್ತಾರೆ.

ಬ್ಯಾಕ್ಟೀರಿಯಾದ ಒಳವಿಷ ಕರುಳಿನಿಂದ ರಕ್ತಕ್ಕೆ ನುಗ್ಗುವುದು ಮತ್ತೊಂದು ಅಪಾಯ. ಈ ವಿಷಕ್ಕೆ ತಡೆಯಾಗಿ ಇ. ಕೋಲೈ ಬ್ಯಾಕ್ಟೀರಿಯಾದ ಜೆ5 ತಳಿಯ ವಿರುದ್ಧದ ಪ್ರತಿಕಾಯಗಳು ಮನುಷ್ಯರಲ್ಲಿ ಫಲ ಕೊಟ್ಟವೆಂದು 1982ರಲ್ಲಿ ವರದಿಯಾಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು ಅಂಥ ಪ್ಲಾಸ್ಮಾ ಕುದುರೆಗಳನ್ನೂ ಕಾಪಾಡುತ್ತದೆಂದು ಪ್ರಕಟಿಸಿದರು. ಉತ್ಸಾಹ ಹುಟ್ಟಿತಾದರೂ ನಂತರದ ಪ್ರಯೋಗಗಳು ಒಂದೇ ಮಾತು ಹೇಳಲಿಲ್ಲ.

ದೊಡ್ಡ ತೊಡಕು ಪ್ರಮಾಣದ್ದು. ಮರಿಗೆ ಒಂದೆರಡು ಲೀಟರ್ ಸಾಲುತ್ತದೆ. 500 ಕಿಲೋ ತೂಕದ ಕುದುರೆಯ ಮೈಯಲ್ಲಿ ಸುಮಾರು 25 ಲೀಟರ್ ಪ್ಲಾಸ್ಮಾ ಇರುವುದರಿಂದ, ಗಣನೀಯ ಬದಲಾವಣೆಗೆ ಆರರಿಂದ ಹತ್ತು ಲೀಟರ್ ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಖರ್ಚೂ ಅದೇ ಅಳತೆಯಲ್ಲಿ ಏರುತ್ತದೆ. ಕೊಟ್ಟ ಆಲ್ಬುಮಿನ್ ಪೂರ್ತಿ ರಕ್ತದಲ್ಲೇ ನಿಲ್ಲುವುದೂ ಇಲ್ಲ: ಒಂದು ಪಾಲು ಅಂಗಾಂಶಗಳಿಗೆ ಹರಡುತ್ತದೆ, ಇನ್ನೊಂದು ಪಾಲು ಗಾಯಗೊಂಡ ಕರುಳಿನಿಂದ ಮತ್ತೆ ಸೋರುತ್ತದೆ. 1990ರ ದಶಕದಲ್ಲಿ ಅಗ್ಗದ ಬದಲಿಯಾಗಿ ಹೆಟಾಸ್ಟಾರ್ಚ್ ಎಂಬ ಪಿಷ್ಟದ ದ್ರಾವಣ ಬಳಕೆಗೆ ಬಂದಿತು. ಅದು ನೀರನ್ನು ರಕ್ತನಾಳದಲ್ಲಿ ಹಿಡಿದಿಡಬಲ್ಲದು. ಆದರೆ ಪ್ರತಿಕಾಯಗಳನ್ನಾಗಲಿ, ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಪ್ರೋಟೀನನ್ನಾಗಲಿ ಕೊಡಲಾರದು. ದೀರ್ಘಕಾಲದ ಕರುಳಿನ ಉರಿಯೂತದಲ್ಲಿ ಮುಖ್ಯ ಚಿಕಿತ್ಸೆ ಸ್ಟೀರಾಯ್ಡ್ ಮತ್ತು ಆಹಾರದ ಬದಲಾವಣೆ. ಅಲ್ಲಿ ಪ್ಲಾಸ್ಮಾ ರೋಗ ವಾಸಿಮಾಡುವುದಿಲ್ಲ, ಔಷಧ ಕೆಲಸಕ್ಕೆ ತೊಡಗುವವರೆಗೆ ಕಾಲಾವಕಾಶ ಒದಗಿಸುತ್ತದೆ.

ಘನೀಕರಿಸಿದ ಪ್ಲಾಸ್ಮಾದ ಚೀಲವನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕು. ನೀರು ಬಿಸಿಯಾದರೆ ಪ್ರೋಟೀನು ಕೆಡುತ್ತದೆ. ಸೋಸುವ ನಳಿಗೆಯ ಮೂಲಕ ಕತ್ತಿನ ಅಭಿಧಮನಿಗೆ ಮೊದಲು ನಿಧಾನವಾಗಿ ಬಿಡುತ್ತಾರೆ. ಮೈಮೇಲೆ ದದ್ದು, ನಡುಕ ಅಥವಾ ಏದುಸಿರು ಕಂಡರೆ ತಕ್ಷಣ ನಿಲ್ಲಿಸುತ್ತಾರೆ.

ಇನ್ನೊಂದು ಅಪಾಯ ಹಳೆಯದು. ದಕ್ಷಿಣ ಆಫ್ರಿಕಾದಲ್ಲಿ ಕುದುರೆಪಿಡುಗು ಎಂಬ ರೋಗದ ತಡೆಗಾಗಿ ಕುದುರೆಯ ಸೀರಮ್ ಪಡೆದ ಪ್ರಾಣಿಗಳಲ್ಲಿ ಕೆಲವು ವಾರಗಳ ನಂತರ ಮಾರಕ ಯಕೃತ್ತಿನ ರೋಗ ಕಾಣಿಸಿಕೊಂಡುದನ್ನು ಪಶುವೈದ್ಯ ಆರ್ನಾಲ್ಡ್ ಥೈಲರ್ ಸುಮಾರು ನೂರು ವರ್ಷಗಳ ಹಿಂದೆಯೇ ದಾಖಲಿಸಿದ್ದರು. 2018ರಲ್ಲಿ, ಧನುರ್ವಾಯುವಿನ ಪ್ರತಿವಿಷ ಪಡೆದು ಸತ್ತ ಕುದುರೆಯೊಂದರಲ್ಲಿ ಅಮೆರಿಕದ ವಿಜ್ಞಾನಿಗಳು ಹೊಸ ಪಾರ್ವೊವೈರಸ್ ಒಂದನ್ನು ಪತ್ತೆಹಚ್ಚಿದರು. ಅಂದಿನಿಂದ ದಾನಿ ಕುದುರೆಗಳನ್ನು ರಕ್ತಗುಂಪಿಗೆ ಮಾತ್ರವಲ್ಲದೆ ಈ ವೈರಸ್ಸಿಗೂ ಪರೀಕ್ಷಿಸುವ ಕ್ರಮ ಬೆಳೆದಿದೆ.