ಗ್ರೇಟಿಂಗ್: ಒಂದು ತಡಿಕೆಯ ವಂಶಾವಳಿ

ಇಲಿಯ ಮಿದುಳು ನೋಟಕ್ಕೆ ಹೇಗೆ ಸ್ಪಂದಿಸುತ್ತದೆಂದು ಅಳೆಯುವವರ ಬಾಯಲ್ಲಿ ಸದಾ ಓಡಾಡುವ ಮಾತು ‘ಗ್ರೇಟಿಂಗ್’. ತಲೆ ಅಲುಗದಂತೆ ಹಿಡಿದು, ತಿರುಗುವ ತಟ್ಟೆಯ ಮೇಲೆ ಬಿಟ್ಟ ಇಲಿಯ ಎದುರಿನ ಪರದೆಯಲ್ಲಿ ಕಪ್ಪು ಬಿಳಿ ಪಟ್ಟೆಗಳು ಜಾರುತ್ತಿರುತ್ತವೆ. ಆ ಪಟ್ಟೆಗಳೇ ಗ್ರೇಟಿಂಗ್. ಚರಂಡಿಯ ಬಾಯಿಗೆ ಹಾಕುವ ಕಬ್ಬಿಣದ ಸರಳುಗಳಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಮೂಲ ಲ್ಯಾಟಿನ್ನಿನ ‘ಕ್ರಾಟಿಸ್’. ಅರ್ಥ ನಮ್ಮ ತಡಿಕೆಯೇ: ಕಡ್ಡಿ ಹೆಣೆದ ತಟ್ಟಿ. ರೋಮನ್ನರು ಕುರಿದೊಡ್ಡಿಗೂ ಅದನ್ನೇ ಕಟ್ಟಿದರು, ಮುತ್ತಿಗೆಯಲ್ಲಿ ಮರೆಗೂ ಅದನ್ನೇ ಹಿಡಿದರು. ಸಣ್ಣ ತಡಿಕೆ ‘ಕ್ರಾಟಿಕುಲಾ’, ಅಂದರೆ ಮಾಂಸ ಸುಡುವ ಜಾಲರಿ. ಅದರ ಸಂತತಿಯೇ ಗ್ರಿಲ್, ಗ್ರಿಡಲ್, ಗ್ರಿಡ್. ನಮ್ಮ ಕಿಟಕಿಗೆ ಕೂರಿಸುವ ಗ್ರಿಲ್ಲೂ ಈ ಮನೆತನದ್ದೇ. ಮಾರುಕಟ್ಟೆಯ ಟೊಮ್ಯಾಟೊ ಕ್ರೇಟ್ ಬಹುಶಃ ದಾಯಾದಿ. ಕ್ಯಾರೆಟ್ ತುರಿಯುವ ಗ್ರೇಟರ್ ಮಾತ್ರ ನೆಂಟನಲ್ಲ. ಕೆರೆಯುವ ಅರ್ಥದ ಆ ಪದ ಜರ್ಮಾನಿಕ್ ಮೂಲದ್ದು, ಉಚ್ಚಾರ ಕೂಡಿಬಂತು ಅಷ್ಟೆ.

ತಡಿಕೆ ಪ್ರಯೋಗಶಾಲೆಗೆ ಬಂದದ್ದು ಬೆಳಕಿನ ದಾರಿಯಿಂದ. 1785ರ ಸುಮಾರಿಗೆ ಫಿಲಡೆಲ್ಫಿಯಾದ ಡೇವಿಡ್ ರಿಟನ್‌ಹೌಸ್ ಎರಡು ತಿರುಪುಗಳ ಎಳೆಗಳಲ್ಲಿ ಕೂದಲುಗಳನ್ನು ಒತ್ತೊತ್ತಾಗಿ ಬಿಗಿದು, ಸಂದಿಯಲ್ಲಿ ಬೆಳಕು ಬಣ್ಣಬಣ್ಣವಾಗಿ ಒಡೆಯುವುದನ್ನು ಕಂಡ. 1821ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಕೂದಲಿನ ಬದಲು ತಂತಿ ಬಿಗಿದ. ಇಂಥ ಸಾಧನಕ್ಕೆ ಇಂಗ್ಲಿಷಿನಲ್ಲಿ ನಿಂತ ಹೆಸರು ಗ್ರೇಟಿಂಗ್. ಇಲ್ಲಿ ಪದ ಅಡ್ಡಕಡ್ಡಿಗಳನ್ನು ಕಳೆದುಕೊಂಡಿತು. ಹೆಣಿಗೆ ಹೋಗಿ ಉಳಿದದ್ದು ಬರೀ ಸಮಾಂತರ ಸಾಲು.

ಮುಂದೆ ಸರಳುಗಳೂ ಹೋದವು. 1968ರಲ್ಲಿ ಕೇಂಬ್ರಿಜ್‌ನ ಕ್ಯಾಂಪ್‌ಬೆಲ್ ಮತ್ತು ರಾಬ್ಸನ್ ಮನುಷ್ಯರ ನೋಟವನ್ನು ಅಳೆಯಲು ಪರದೆಯ ಮೇಲೆ ಗ್ರೇಟಿಂಗ್ ಮೂಡಿಸಿದರು. ಅವುಗಳಲ್ಲಿ ಕೆಲವಕ್ಕೆ ಅಂಚೇ ಇಲ್ಲ: ಕಪ್ಪು ಮೆಲ್ಲಗೆ ಬೂದಾಗಿ, ಬೂದು ಬಿಳಿಯಾಗಿ ಮತ್ತೆ ಕಪ್ಪಿಗಿಳಿಯುತ್ತದೆ. ಕೈಯಿಟ್ಟರೆ ತಡೆಯುವಂಥದ್ದು ಏನೂ ಇಲ್ಲದ ತಡಿಕೆ. ನನಗೆ ಈ ಪದದ ಬಾಳಿನಲ್ಲಿ ಅತ್ಯಂತ ವಿಚಿತ್ರವಾಗಿ ಕಾಣುವ ತಿರುವು ಇದೇ.

ಇಲಿಯ ಸರದಿ ನಿಧಾನವಾಗಿ ಬಂತು. ಅದರ ನೋಟ ಮಂದವೆಂದು ಸಂಶೋಧಕರು ಬೆಕ್ಕು, ಕೋತಿಗಳನ್ನೇ ನೆಚ್ಚಿಕೊಂಡಿದ್ದರು. ಮಂದವೆಂಬುದು ಸುಳ್ಳೇನಲ್ಲ. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ನೋಟದ ಕೋನದಲ್ಲಿ ಸುಮಾರು 2 ಡಿಗ್ರಿ. ಆ ಅಗಲದಲ್ಲಿ ಒಂದು ಕಪ್ಪು, ಒಂದು ಬಿಳಿ, ಇದಕ್ಕಿಂತ ಸಣ್ಣ ಪಟ್ಟೆ ಇಲಿಗೆ ಕಾಣುವುದು ಕಷ್ಟ. ನಾವು ಅದೇ ಹೆಬ್ಬೆರಳಿನಷ್ಟರಲ್ಲಿ ಅರವತ್ತು ಜೋಡಿಗಳನ್ನಾದರೂ ಬೇರೆಬೇರೆಯಾಗಿ ಗುರುತಿಸಬಲ್ಲೆವು. ಆದ್ದರಿಂದ ಇಲಿಗೆ ತೋರಿಸುವ ಗ್ರೇಟಿಂಗ್ ದಪ್ಪ: ಸಾಮಾನ್ಯವಾಗಿ ಡಿಗ್ರಿಗೆ 0.04 ಆವರ್ತ, ಅಂದರೆ ಒಂದು ಜೋಡಿಗೆ 25 ಡಿಗ್ರಿ, ಚಾಚಿದ ಕೈಯ ಒಂದು ಗೇಣಿಗಿಂತ ತುಸು ಹೆಚ್ಚು. ಇಷ್ಟು ದಪ್ಪ ಪಟ್ಟೆಯೇ ಸಾಕಾಯಿತು. 2008ರಲ್ಲಿ ಕ್ರಿಸ್ ನೀಲ್ ಮತ್ತು ಮೈಕಲ್ ಸ್ಟ್ರೈಕರ್, ಇಲಿಯ ಮಿದುಳಿನ ದೃಷ್ಟಿ ಕಾರ್ಟೆಕ್ಸಿನ ಎಷ್ಟೋ ನರಕೋಶಗಳು ಪಟ್ಟೆಗಳ ಒಂದೊಂದು ಓರೆಗೆ ಮಾತ್ರ ಮಿಡಿಯುತ್ತವೆಂದು ತೋರಿಸಿದರು.

ಅದಕ್ಕೂ ಮುಂಚೆ, 2006ರಲ್ಲಿ, ಎಂಐಟಿಯ ಮಾರ್ಕ್ ಬೇರ್ ತಂಡ ಇನ್ನೊಂದು ಸಂಗತಿ ಕಂಡಿತ್ತು. ಕಪ್ಪು ಬಿಳಿ ಅದಲುಬದಲಾಗುವ ಪಟ್ಟೆಗಳನ್ನು ಒಂದೇ ಓರೆಯಲ್ಲಿ ದಿನದಿನವೂ ತೋರಿಸಿದರೆ ಮಿದುಳಿನ ವಿದ್ಯುತ್ ಸ್ಪಂದನ ಏರುತ್ತಾ ಹೋಗುತ್ತದೆ. ಓರೆ ಬದಲಿಸಿದರೆ ಏರಿಕೆ ಇಲ್ಲ.

ಗ್ರೇಟಿಂಗ್‌ನ ಸೋದರ ಗ್ರಿಡ್ ಕೂಡ ಮೂಷಿಕದ ತಲೆ ಹೊಕ್ಕಿದೆ. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ತಂಡ ದೊಡ್ಡ ಜಾತಿಯ ಇಲಿಯಲ್ಲಿ, ಅದು ಓಡಾಡುವ ನೆಲದ ನಿಯತ ಬಿಂದುಗಳಲ್ಲಿ ಮಿಡಿಯುವ ನರಕೋಶಗಳನ್ನು ಕಂಡು ಗ್ರಿಡ್ ಕೋಶ ಎಂದು ಕರೆಯಿತು. ಆ ಬಿಂದುಗಳನ್ನು ಕೂಡಿಸಿದರೆ ಮೂಡುವುದು ಅಡ್ಡ–ಉದ್ದದ ಚೌಕುಳಿಯಲ್ಲ, ಸಮಬಾಹು ತ್ರಿಕೋನಗಳ ಸಾಲು.